ನಿದ್ರಾರೂಪಿಣಿಯಾದ ತಾಯಿ



ದೇವೀ ಮಾಹಾತ್ಮ್ಯದ 5ನೆಯ ಅಧ್ಯಾಯದಲ್ಲಿ ದೇವತೆಗಳು ಜಗನ್ಮಾತೆಯನ್ನು ಸ್ತುತಿಸುತ್ತಾ, ಬುದ್ಧಿ, ಶಕ್ತಿ, ದಯೆಗಳ ಜೊತೆಗೆ ಸಕಲ ಜೀವಿಗಳಲ್ಲಿ ನಿದ್ರೆಯಾಗಿ ನೆಲೆಸಿರುವವಳೂ ಅವಳೇ ಎಂದು ನಮಸ್ಕರಿಸುತ್ತಾರೆ. ಪ್ರತಿ ನವರಾತ್ರಿ ಪಾರಾಯಣ ಮಾಡುವ ನಾನೂ ಆ ಮಾತಿನ ಬಳಿ ನಿಂತು ಯೋಚಿಸಿದ್ದು ಕಡಿಮೆ.

ಕಳೆದ ನವರಾತ್ರಿಯಲ್ಲಿ, ಸ್ತನ ಕ್ಯಾನ್ಸರಿಗೆ ಕೀಮೋಥೆರಪಿ ನಡೆಯುತ್ತಿದ್ದ ಮಹಿಳೆಯೊಬ್ಬರು ತೀರ್ಥ ತೆಗೆದುಕೊಳ್ಳುವಾಗ ಮೆಲ್ಲಗೆ ಕೇಳಿದರು: "ಭಟ್ಟರೇ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಬೆಳಿಗ್ಗೆ ಪೂಜೆಗೆ ಏಳಲಾಗುತ್ತಿಲ್ಲ. ದೇವರಿಗೆ ಅಪಚಾರವಾಗುತ್ತಿದೆಯೇ?"

"ಡಾಕ್ಟರಿಗೆ ಹೇಳಿದಿರಾ ಅಮ್ಮಾ?" ಎಂದೆ.

"ಇಷ್ಟು ದೊಡ್ಡ ಕಾಯಿಲೆಯ ನಡುವೆ ನಿದ್ದೆಯ ಮಾತೇನು ಹೇಳುವುದು!"

ನಮ್ಮ ಹೆಣ್ಣುಮಕ್ಕಳು ಎಡವುವುದು ಇಲ್ಲೇ. ವಾಂತಿ ತಡೆಯಲು ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನಿದ್ದೆ ಕೆಡಿಸಬಲ್ಲದು. ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆಯಿಂದ ನಡುರಾತ್ರಿ ಮೈ ಕಾದು ಬೆವರುವುದುಂಟು. ನೋವು, ಮಕ್ಕಳ ಚಿಂತೆ ಬೇರೆ. ಹೇಳಿದರೆ ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿಯಾರು, ಬೆವರಿಗೂ ಉಪಾಯ ಹೇಳಿಯಾರು. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಮಲಗುವ, ಏಳುವ ಅಭ್ಯಾಸವನ್ನೂ ಹಾಸಿಗೆಯಲ್ಲಿ ಕಾಡುವ ಯೋಚನೆಗಳನ್ನೂ ತಿದ್ದುವ ಕ್ರಮ ಅದು. ಊರಿಂದ ತರಿಸಿದ ಅಶ್ವಗಂಧವನ್ನು ಮಾತ್ರ ಡಾಕ್ಟರನ್ನು ಕೇಳದೆ ಕುಡಿಸಬೇಡಿ. ಪ್ರೀತಿಯಿಂದ ಕೊಟ್ಟದ್ದೂ ಔಷಧದ ಜೊತೆ ಜಗಳವಾಡಬಹುದು.

ಇನ್ನು ಅಪಚಾರದ ಮಾತು. ಅತಿಯಾಗಿ ಮಲಗುವವನಿಗೆ ಹೇಗೋ, ಅತಿಯಾಗಿ ಎಚ್ಚರವಿರುವವನಿಗೂ ಯೋಗ ಸಿದ್ಧಿಸದೆಂದು ಗೀತೆಯ 6ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನೇ ಹೇಳಿದ್ದಾನೆ. ಬೆಳಗಿನ ಜಾವ ಕಣ್ಣು ಹತ್ತಿದರೆ ಅದು ತಾಯಿ ಬಂದಂತೆ. ಬಂದವಳನ್ನು ಗಂಟೆ ಬಾರಿಸಿ ಓಡಿಸುವುದೇ?

ಮನೆಯವರಿಗೂ ಒಂದು ಮಾತು. ದೀಪವನ್ನು ಯಜಮಾನರೇ ಹಚ್ಚಲಿ. ಭಾರತದಲ್ಲಿ ಹಗಲಾದಾಗ ನಮಗಿಲ್ಲಿ ರಾತ್ರಿ. ಕ್ಷೇಮ ವಿಚಾರಿಸುವ ಫೋನುಗಳನ್ನು ಮಗನೋ ಮಗಳೋ ಎತ್ತಲಿ. ನೋಡಲು ಹೋಗುವ ನಾವೂ ಕೇಳಿಯೇ ಹೋಗೋಣ, ಕಾಫಿಗೆ ಕಾಯದೆ ಏಳೋಣ.

ಆಕೆ ಮುಂದಿನ ವಾರವೇ ಡಾಕ್ಟರಿಗೆ ಹೇಳಿದರು. ಶಿವರಾತ್ರಿ ಜಾಗರಣೆಗೆ ಪತಿ ಒಬ್ಬರೇ ಬಂದಿದ್ದರು. ಸಂಕಲ್ಪದಲ್ಲಿ ಇಬ್ಬರ ಹೆಸರನ್ನೂ ಹೇಳಿದೆ. "ಅವಳು ಒಂಬತ್ತಕ್ಕೇ ಮಲಗಿದಳು ಭಟ್ಟರೇ," ಎಂದವರು ಪ್ರಸಾದವನ್ನು ಎರಡು ಪೊಟ್ಟಣ ಕಟ್ಟಿಸಿಕೊಂಡರು.