ಎರಡು ಧ್ರುವಗಳ ಬಸವನಹುಳು

ಸಮುದ್ರಕ್ಕೆ ಬೇಲಿಯಿಲ್ಲ. ಪ್ರವಾಹ ಒಯ್ದತ್ತ ತೇಲುವ ಜೀವಕ್ಕೆ ತನ್ನದೆಂಬ ಊರೂ ಇರಲಾರದು ಎಂದೇ ನಮ್ಮ ಎಣಿಕೆ. ಲಿಮಾಸಿನಾ ಹೆಲಿಸಿನಾ ಎಂಬ ಕಡಲ ಬಸವನಹುಳುವಿನ ವಿಷಯದಲ್ಲಿ ಈ ಎಣಿಕೆ ಬಹುಕಾಲ ನಡೆಯಿತು. ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸಿನ ಮೈ, ಬೆಳಕು ಹಾಯುವಷ್ಟು ತೆಳುವಾದ ಚಿಪ್ಪು. ನೆಲದ ಬಸವನಹುಳು ತೆವಳುವ ಪಾದ ಇದರಲ್ಲಿ ಎರಡು ರೆಕ್ಕೆಗಳಾಗಿದೆ. ಈಜುತ್ತದೆ ಅಂದರೆ ಸಾಲದು, ನೀರಿನಲ್ಲಿ ಹಾರುತ್ತದೆ ಎನ್ನಬೇಕು.

1773ರಲ್ಲಿ ಉತ್ತರ ಧ್ರುವದತ್ತ ಹೊರಟ ಬ್ರಿಟಿಷ್ ನೌಕಾಧಿಕಾರಿ ಕಾನ್‌ಸ್ಟಂಟೈನ್ ಫಿಪ್ಸ್, ಮರುವರ್ಷದ ಪ್ರವಾಸಕಥನದಲ್ಲಿ ಇದನ್ನು ವರ್ಣಿಸಿದ. ಹಿಮಕರಡಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದೂ ಅದೇ ಪುಸ್ತಕದಲ್ಲಿ. ಕರಡಿ ಲೋಕಪ್ರಸಿದ್ಧವಾಯಿತು, ಹುಳುವನ್ನು ಕೇಳುವವರಿಲ್ಲ. ದಕ್ಷಿಣ ಧ್ರುವದ ಕಡಲಿನಲ್ಲೂ ಅಂಥದೇ ರೆಕ್ಕೆ, ಅಂಥದೇ ಸುರುಳಿ ಕಂಡದ್ದರಿಂದ ಅಲ್ಲಿಯದನ್ನೂ ಇದೇ ಪ್ರಭೇದದ ಲೆಕ್ಕಕ್ಕೆ ಸೇರಿಸಿಕೊಂಡರು.

2010ರಲ್ಲಿ ಎರಡೂ ಕಡೆಯ ಹುಳುಗಳ ಒಂದು ವಂಶವಾಹಿಯನ್ನು ಹೋಲಿಸಿದ ಅಧ್ಯಯನ ಬಂತು. ವ್ಯತ್ಯಾಸ ಶೇ. 33ಕ್ಕೂ ಹೆಚ್ಚು! ಬೇರೆ ಜೀವಿಗಳಲ್ಲಾದರೆ ಇಷ್ಟು ಅಂತರಕ್ಕೆ ಪ್ರಭೇದವೇನು, ಕುಲವನ್ನೇ ಬೇರೆ ಮಾಡಬಹುದು. ದಕ್ಷಿಣದ್ದು ಈಗ ಲಿಮಾಸಿನಾ ರಾಂಗಿ. ಎರಡರ ನಡುವೆ ಸಾವಿರಾರು ಕಿಲೋಮೀಟರ್ ಬೆಚ್ಚನೆಯ ನೀರಿದೆ. ಚಳಿನೀರಿನ ಜೀವಕ್ಕೆ ಬೇರೆ ಗೋಡೆ ಬೇಕಿಲ್ಲ.

ನನ್ನನ್ನು ಕಾಡುವುದು ಆ ಅಂಕಿಯಲ್ಲ. ಇದನ್ನು ಅಭ್ಯಾಸ ಮಾಡಿದವರೇನೂ ಕಣ್ಣು ಮುಚ್ಚಿ ಕೂತವರಲ್ಲ. ಈ ಹುಳುವಿನಲ್ಲಿ ಕನಿಷ್ಠ ಐದು ರೂಪಗಳನ್ನು ಗುರುತಿಸಿಟ್ಟಿದ್ದರು. ಅಷ್ಟು ನಾಜೂಕಿನ ನೋಟಕ್ಕೂ ಎಲ್ಲಕ್ಕಿಂತ ದೊಡ್ಡ ಭೇದ ಕೇವಲ ಉಪಪ್ರಭೇದವಾಗಿ ಕಂಡಿತು. ನಾವೂ ಹಾಗೆಯೇ. ನಮ್ಮ ಕೇರಿಯವರ ನಡುವಿನ ವ್ಯತ್ಯಾಸಗಳನ್ನು ಎಳೆಎಳೆಯಾಗಿ ಬಲ್ಲೆವು. ದೂರದವರ ಮಾತು ಬಂದರೆ ‘ಅವರೆಲ್ಲ ಒಂದೇ’ ಎಂದು ಮುಗಿಸುತ್ತೇವೆ. ಆ ಮಾತಿನ ಬೆಲೆ ತೆರುವವರು ಆಡಿದವರಲ್ಲ.

ಎರಡೂ ಒಂದೇ ಎಂದುಕೊಂಡಿದ್ದಾಗ ಒಂದು ಕಳ್ಳ ಸಮಾಧಾನವೂ ಇತ್ತು: ಇಲ್ಲಿ ಅಳಿದರೆ ಅಲ್ಲಿ ಉಳಿದೀತು. ಆ ಸಮಾಧಾನ ಈಗಿಲ್ಲ, ಅಪಾಯವಂತೂ ಇದೆ. ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಒಂದು ಪಾಲನ್ನು ಕಡಲು ಹೀರಿಕೊಳ್ಳುತ್ತಿದೆ. ತಣ್ಣೀರಿನಲ್ಲಿ ಅದು ಹೆಚ್ಚು ಕರಗುತ್ತದೆ, ಆಮ್ಲೀಯತೆ ಏರುತ್ತದೆ. ಈ ಹುಳುಗಳ ಚಿಪ್ಪು ಅರಗೊನೈಟ್ ಎಂಬ, ಸುಲಭವಾಗಿ ಕರಗುವ ಸುಣ್ಣದ್ದು. 2008ರಲ್ಲಿ ದಕ್ಷಿಣ ಸಾಗರದಲ್ಲಿ ಹಿಡಿದ ಕೆಲವು ಹುಳುಗಳ ಚಿಪ್ಪು ಜೀವವಿರುವಾಗಲೇ ಸವೆದುಹೋಗಿತ್ತು. ಇವನ್ನು ತಿಂದು ಬದುಕುವ ಮೀನು, ಹಕ್ಕಿಗಳ ಗತಿಯೂ ಇದಕ್ಕೇ ತಳಕು ಹಾಕಿಕೊಂಡಿದೆ. ಆದರೆ ಉತ್ತರದ ಹುಳು ಆಮ್ಲವನ್ನು ಎಷ್ಟು ತಡೆಯಿತು ಎಂಬ ಪ್ರಯೋಗದ ಫಲವನ್ನು ದಕ್ಷಿಣದ್ದಕ್ಕೆ ಅಂಟಿಸುವ ಹಾಗಿಲ್ಲ. ಎರಡೂ ಕಡೆಗೆ ಹಡಗು ಹೋಗಬೇಕು, ಎರಡನ್ನೂ ಬೇರೆಬೇರೆಯಾಗಿ ಸಾಕಿ ನೋಡಬೇಕು. ಖರ್ಚು ದುಪ್ಪಟ್ಟಾದರೆ ಆಗಲಿ.