ಪಟ್ಟಿಯ ಕೊನೆಯ ಸಾಲು

ನಮ್ಮ ಆಫೀಸಿನವರು ಕೂಡಿ ವರ್ಷಕ್ಕೊಮ್ಮೆ ಹೈದರಾಬಾದಿನ ಹೊರವಲಯದಲ್ಲಿರುವ ಒಂದು ಮಕ್ಕಳ ಆಶ್ರಮಕ್ಕೆ ಹೋಗುತ್ತೇವೆ. ಎಲ್ಲರೂ ಕೈಲಾದಷ್ಟು ಹಣ ಹಾಕಿ, ಅವರಿಗೆ ಬೇಕಾದ ಸಾಮಾನು ಕೊಟ್ಟು, ಮಕ್ಕಳ ಜೊತೆ ಮಧ್ಯಾಹ್ನದ ಊಟ ಮಾಡಿ ಬರುವುದು ಪದ್ಧತಿ. 2024ರಲ್ಲಿ ಅದರ ಉಸ್ತುವಾರಿ ನನ್ನ ಪಾಲಿಗೆ ಬಂತು. ಹೋಗುವ ಮುಂಚಿನ ವಾರ ಆಶ್ರಮದ ಮೇಲ್ವಿಚಾರಕರಿಂದ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಬಂತು. ನೋಟ್‌ಬುಕ್ಕು, ಬೆಡ್‌ಶೀಟು, ಸೋಪು, ಎರಡು ಸೀಲಿಂಗ್ ಫ್ಯಾನು. ಕೊನೆಯ ಸಾಲಿನಲ್ಲಿ ‘ಊಟಕ್ಕೆ ಚಿಕನ್ ಬಿರಿಯಾನಿ, ಮಕ್ಕಳು ಕೇಳಿದ್ದಾರೆ’ ಎಂದಿತ್ತು.

ಪಟ್ಟಿಯನ್ನು ಎಕ್ಸೆಲ್‌ಗೆ ಹಾಕುತ್ತಾ ಬಂದವನು ಆ ಸಾಲಿನಲ್ಲಿ ನಿಂತೆ. ಒಂದು ನಿಮಿಷವೂ ಯೋಚಿಸಿರಲಿಕ್ಕಿಲ್ಲ. ‘ವೆಜ್ ಬಿರಿಯಾನಿ, ಪನೀರ್ ಕರ್ರಿ, ಜಾಮೂನು’ ಎಂದು ಬದಲಿಸಿ ಎಲ್ಲರಿಗೂ ಕಳಿಸಿಬಿಟ್ಟೆ. ನಾನು ಯಾರನ್ನೂ ಕೇಳಲಿಲ್ಲ, ನನ್ನನ್ನೂ ಯಾರೂ ಕೇಳಲಿಲ್ಲ. ಕೊಡುವವರ ಪಟ್ಟಿಯನ್ನು ಪ್ರಶ್ನೆ ಮಾಡುವವರು ಯಾರು?

ಊಟದ ದಿನ ಹತ್ತು ವರ್ಷದ ಒಬ್ಬ ಹುಡುಗ ಪಾತ್ರೆಯೊಳಗೆ ಇಣುಕಿ, ಚಿಕನ್ ಆಮೇಲೆ ಬರುತ್ತದೆಯೇ ಎಂದು ತೆಲುಗಿನಲ್ಲಿ ಕೇಳಿದ. ನನ್ನ ಹರುಕುಮುರುಕು ತೆಲುಗಿನಲ್ಲಿ ‘ಜಾಮೂನು ಇದೆ’ ಅಂದೆ. ಸರಿ ಅಂತ ತಲೆಯಾಡಿಸಿ ತಟ್ಟೆ ಹಿಡಿದ. ಅಷ್ಟೇ ನಡೆದದ್ದು. ಯಾರೂ ಉಪವಾಸ ಬೀಳಲಿಲ್ಲ, ಯಾರೂ ಅಳಲಿಲ್ಲ. ಎಲ್ಲ ಚೆನ್ನಾಗಿ ಆಯಿತು ಎಂದುಕೊಂಡೇ ಕಾರು ಹತ್ತಿದೆ.

ಜೊತೆಯಲ್ಲಿ ನಮ್ಮ ಟೆಸ್ಟಿಂಗ್ ತಂಡದ ಹುಡುಗನಿದ್ದ. ಮದ್ದೂರಿನ ಕಡೆಯವನು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಔಟರ್ ರಿಂಗ್ ರೋಡಿಗೆ ಬಂದ ಮೇಲೆ ಮೆಲ್ಲಗೆ ಶುರು ಮಾಡಿದ.

“ಸರ್, ಒಂದ್ ಮಾತ್ ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಕೇಳಪ್ಪ.”

“ಅವ್ರ್ ಕಳ್ಸಿದ್ ಲಿಸ್ಟಲ್ಲಿ ಫ್ಯಾನ್ ಬದ್ಲು ಕೂಲರ್ ತಕೊಂಡೋಗಿದ್ರೆ ಅವ್ರನ್ನ ಒಂದ್ ಮಾತ್ ಕೇಳ್ತಿದ್ರಿ ಅಲ್ವಾ? ಊಟಕ್ಕೆ ಯಾಕ್ ಕೇಳ್ಲಿಲ್ಲ?”

ನಾನು ಸಸ್ಯಾಹಾರಿ, ನನ್ನ ಕೈಯಾರೆ ಅದನ್ನು ಹೇಗೆ ತರಿಸಲಿ ಎಂದೆ. ಅವನು ವಾದ ಮಾಡಲಿಲ್ಲ. “ತರಿಸ್ಬೇಡಿ ಸರ್. ‘ನಂಗಾಗಲ್ಲ, ಬೇರೆ ಯಾರಾದ್ರೂ ನೋಡ್ಕೊಳ್ಳಿ’ ಅನ್ಬೋದಿತ್ತು” ಅಂದು ಸುಮ್ಮನಾದ. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ನನ್ನ ಕಡೆಯ ಮಾತನ್ನೂ ಹೇಳಬೇಕು. ನಾನು ತಿಪಟೂರಿನ ಕಡೆಯ ಲಿಂಗಾಯತ ಮನೆಯಲ್ಲಿ ಬೆಳೆದವನು. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ಅದು. ಚಿಕ್ಕಂದಿನಲ್ಲಿ ಅದು ಬರೀ ಅಭ್ಯಾಸ. ಎಂ.ಟೆಕ್ ಓದುವಾಗ ಹಾಸ್ಟೆಲಿನಲ್ಲಿ ಅಭ್ಯಾಸ ಬಿಡುವುದಕ್ಕೆ ಬೇಕಾದಷ್ಟು ಅವಕಾಶಗಳಿದ್ದವು. ಬಿಡಲಿಲ್ಲ. ಪ್ರಾಣಿಯನ್ನು ಕೊಲ್ಲದೆ ಬದುಕಲು ಸಾಧ್ಯವಿರುವಾಗ ಕೊಲ್ಲುವುದೇಕೆ ಎಂಬ ಪ್ರಶ್ನೆ ಆಗ ನನ್ನದೇ ಆಯಿತು. ಇವತ್ತಿಗೂ ಅದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ. ಬ್ರಾಯ್ಲರ್ ಕೋಳಿ ಐದಾರು ವಾರಕ್ಕೇ ಕತ್ತಿಗೆ ಹೋಗುತ್ತದೆ. ಅದಕ್ಕೂ ನೋವಿದೆ ಎಂದು ನಂಬುವವನು ನಾನು. ಹಾಗಾಗಿ ‘ಅವರವರ ಊಟ ಅವರವರಿಗೆ’ ಎಂದು ಕೈತೊಳೆದುಕೊಳ್ಳುವುದು ನನಗೆ ಪೂರ್ತಿ ಸಾಧ್ಯವಿಲ್ಲ. ಅದು ಬರೀ ರುಚಿಯ ಮಾತಾಗಿದ್ದರೆ ಈ ಲೇಖನವನ್ನೇ ಬರೆಯುತ್ತಿರಲಿಲ್ಲ.

ಆದರೆ ಆ ಸಾಲನ್ನು ಅಳಿಸುವಾಗ ನನ್ನ ತಲೆಯಲ್ಲಿ ಕೋಳಿ ಇತ್ತೇ? ಪ್ರಾಮಾಣಿಕವಾಗಿ ಹೇಳುವುದಾದರೆ ಇರಲಿಲ್ಲ. ಇದ್ದದ್ದು ವಾಸನೆ. ಅದೇ ಜಾಗದಲ್ಲಿ ಕೂತು ನಾನೂ ಊಟ ಮಾಡಬೇಕಲ್ಲ ಎಂಬ ಕಸಿವಿಸಿ. ಕೋಳಿಯ ಮೇಲಿನ ಕರುಣೆ ಬೇರೆ, ಕೋಳಿ ತಿನ್ನುವವರ ಪಕ್ಕ ಕೂರಲು ಆಗುವ ಹಿಂಜರಿಕೆ ಬೇರೆ. ಮೊದಲನೆಯದು ಅಹಿಂಸೆ. ಎರಡನೆಯದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ, ಮಡಿ. ಎರಡೂ ಒಂದೇ ಬಟ್ಟೆ ತೊಟ್ಟು ಬರುವುದರಿಂದ ನಮಗೇ ಗುರುತು ಸಿಗುವುದಿಲ್ಲ. ಎದುರಿನವರಿಗೆ ಮಾತ್ರ ಬೇಗ ಸಿಗುತ್ತದೆ.

ಅದೇ ವರ್ಷದ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಗೊ.ರು. ಚನ್ನಬಸಪ್ಪ ಅಧ್ಯಕ್ಷರು. ಅದಕ್ಕೂ ಮೊದಲೇ ಊಟದ ಗಲಾಟೆ ಶುರುವಾದದ್ದು ನಿಮಗೆ ನೆನಪಿರಬಹುದು. ಮಳಿಗೆಗಳಿಗೆ ಹಾಕಿದ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದರು. ಬಾಡೂಟವನ್ನೂ ಕೊಡಿ ಎಂಬ ಒತ್ತಾಯ ಎದ್ದಿತು. ಕೊನೆಯ ದಿನ ಊಟದ ಜೊತೆ ಬೇಯಿಸಿದ ಮೊಟ್ಟೆ ಹಂಚಿದರು. ರಜೆ ಹಾಕಿ ಊರಿಗೆ ಹೋಗಿದ್ದ ನಮ್ಮ ಮದ್ದೂರಿನ ಹುಡುಗ ತಟ್ಟೆಯ ಫೋಟೊ ಕಳಿಸಿದ. ಕೆಳಗೆ ಏನೂ ಬರೆದಿರಲಿಲ್ಲ.

ಸಾಹಿತ್ಯ ಸಮ್ಮೇಳನಕ್ಕೆ ಬಂದವರಿಗೆ ಊಟದ ಜಗಳವೇಕೆ ಎಂದು ನಮ್ಮ ಹಳೆಯ ಸಹಪಾಠಿಗಳ ಗುಂಪಿನಲ್ಲಿ ಬಹಳ ಜನ ಕೇಳಿದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮಂಡ್ಯ ಯಾವ ಊರು? ಮದುವೆ ಮುಗಿದ ಮೇಲೆ ಬೀಗರ ಊಟ ಹಾಕುವ, ಯುಗಾದಿಯ ಮಾರನೆಯ ದಿನ ಹೊಸತೊಡಕು ಮಾಡುವ ಸೀಮೆ. ಅಲ್ಲಿ ಆದರದಿಂದ ಕರೆದು ಬಡಿಸುವ ಊಟವೇ ಬಾಡೂಟ. ಆ ಊರಿನ ತೆರಿಗೆ ದುಡ್ಡೂ ಸೇರಿ ನಡೆಯುವ ಕನ್ನಡದ ಹಬ್ಬದಲ್ಲಿ, ಅವರು ನೆಂಟರಿಗೆ ಬಡಿಸುವ ಊಟವನ್ನು ಬೀಡಿ ಬ್ರಾಂದಿಯ ಪಕ್ಕ ಬರೆದರೆ ಹೇಗಿರುತ್ತದೆ? ನನ್ನ ತಾಯಿ ಮಾಡುವ ಹೋಳಿಗೆಯನ್ನು ಯಾರಾದರೂ ಹಾಗೆ ಬರೆದಿದ್ದರೆ ನಾನೂ ಸುಮ್ಮನಿರುತ್ತಿರಲಿಲ್ಲ. ಅಡುಗೆ ಏನು ಮಾಡಬೇಕೆಂಬುದು ಎರಡನೆಯ ಮಾತು. ಮೊದಲ ಗಾಯ ಆ ಪಟ್ಟಿಯದು.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ವಾದವಿದೆ. ನಾನೇ ಎಷ್ಟೋ ಮೀಟಿಂಗುಗಳಲ್ಲಿ ಹೂಡಿದ್ದೇನೆ. ಮಾಂಸಾಹಾರಿಗಳು ಸಸ್ಯಾಹಾರ ಉಣ್ಣಬಲ್ಲರು, ಸಸ್ಯಾಹಾರಿಗಳು ಮಾಂಸ ಉಣ್ಣಲಾರರು. ಆದ್ದರಿಂದ ಎಲ್ಲರಿಗೂ ಹೊಂದುವುದು ಸಸ್ಯಾಹಾರವೇ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಫೋನಿನಲ್ಲೂ ಹೊಸ ಫೋನಿನಲ್ಲೂ ಓಡುವ ಆ್ಯಪು. ಸಿಖ್ಖರ ಲಂಗರ್ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ ಸಸ್ಯಾಹಾರ ಮಾತ್ರ, ಯಾರೂ ಬಂದು ಕೂರಬಹುದು.

ಆದರೆ ಲಂಗರಿನ ಪೂರ್ತಿ ಕತೆ ನೋಡಿ. ತಮ್ಮನ್ನು ಕಾಣಲು ಬಂದವರು, ಯಾರೇ ಆಗಿರಲಿ, ಮೊದಲು ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂದು ಮೂರನೆಯ ಗುರು ಅಮರದಾಸರು ನಿಯಮ ಮಾಡಿದರೆಂದು ಆ ಪರಂಪರೆ ಹೇಳುತ್ತದೆ. ಅಲ್ಲಿ ಒಂದೇ ಊಟವಿರುವುದು ಎಲ್ಲರೂ ಒಂದೇ ಸಾಲಿನಲ್ಲಿ ಕೂರಲಿ ಎಂದು. ನಮ್ಮ ಕಡೆ ಸಸ್ಯಾಹಾರ ಬಹಳ ಕಾಲ ಮಾಡಿದ್ದು ಬೇರೆ ಕೆಲಸ. ಯಾರು ಯಾರ ಪಕ್ಕ ಕೂರಬಾರದು, ಯಾರ ಮನೆಯಲ್ಲಿ ನೀರು ಕುಡಿಯಬಾರದು ಎಂದು ಅದು ಹೇಳುತ್ತಾ ಬಂತು. ಇಂಥ ಇತಿಹಾಸವಿಟ್ಟುಕೊಂಡು ‘ಎಲ್ಲರಿಗೂ ಹೊಂದುತ್ತದೆ’ ಎಂದರೆ ಎದುರಿನವರಿಗೆ ನಂಬಿಕೆ ಬರುವುದು ಕಷ್ಟ. ನಾವು ಲಂಗರಿನ ಅಡುಗೆಯನ್ನಷ್ಟೇ ತೆಗೆದುಕೊಂಡೆವು, ಪಂಕ್ತಿಯನ್ನು ಅಲ್ಲೇ ಬಿಟ್ಟೆವು.

ಇನ್ನೊಂದು ಲೆಕ್ಕವೂ ಇದೆ. 2014ರ ಸ್ಯಾಂಪಲ್ ರಿಜಿಸ್ಟ್ರೇಷನ್ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 79 ಜನ ಮಾಂಸಾಹಾರಿಗಳು. ನಾನು ಈಗಿರುವ ತೆಲಂಗಾಣದಲ್ಲಿ 98ಕ್ಕೂ ಮೇಲೆ. ಇಲ್ಲಿ ಆಷಾಢದ ಬೋನಾಲಿಗೆ, ದಸರೆಗೆ ಮಾಂಸವಿಲ್ಲದ ಮನೆ ಹುಡುಕಬೇಕು. ಹಬ್ಬವೆಂದರೆ ಸಸ್ಯಾಹಾರ ಎಂಬುದು ನನ್ನ ಮನೆಯ ನಿಯಮ, ಊರಿನ ನಿಯಮವಲ್ಲ. ಪ್ರತಿ ಸಲವೂ ‘ಇವತ್ತೊಂದು ದಿನ ಹೊಂದಿಕೊಳ್ಳಿ’ ಅನ್ನಿಸಿಕೊಂಡವರು ಆ 79 ಜನವೇ. ಹೊಂದಿಕೊಂಡದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗಾದರೆ ಸಸ್ಯಾಹಾರಿ ಎಲ್ಲಿಯೂ ‘ಇಲ್ಲಿ ಇಷ್ಟೇ’ ಎನ್ನುವಂತಿಲ್ಲವೇ? ಹಾಗೂ ಅಲ್ಲ. ನಮ್ಮ ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳು ಉಣ್ಣುತ್ತಾರೆ. ಅಲ್ಲಿ ಯಾರೂ ಕೋಳಿ ಕೇಳುವುದಿಲ್ಲ. ಮಠ ತಾನು ಯಾರೆಂದು ಬಾಗಿಲಲ್ಲೇ ಹೇಳುತ್ತದೆ. ನನ್ನ ಮನೆಯೂ ಹಾಗೆಯೇ. ಸಾಹಿತ್ಯ ಸಮ್ಮೇಳನ ಮಠವಲ್ಲ, ಯಾರೊಬ್ಬರ ಮನೆಯೂ ಅಲ್ಲ. ಅಲ್ಲಿ ಒಬ್ಬರ ವ್ರತ ಎಲ್ಲರ ನಿಯಮವಾಗಬಾರದು. ಕರ್ನಾಟಕದ ಶಾಲೆಗಳು ಕಂಡುಕೊಂಡ ದಾರಿ ನನಗೆ ಸರಿ ಎನಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಡವೆನ್ನುವ ಮಗುವಿಗೆ ಬಾಳೆಹಣ್ಣು ಸಿಕ್ಕಿತು, ಬೇಕೆನ್ನುವ ಮಗುವಿಗೆ ಮೊಟ್ಟೆ ಸಿಕ್ಕಿತು. ಬೇಡವೆನ್ನುವ ಹಕ್ಕು ಉಳಿಯಿತು, ಆದರೆ ಅದು ಪಕ್ಕದವನ ತಟ್ಟೆಯವರೆಗೆ ಚಾಚಲಿಲ್ಲ.

ಮಕ್ಕಳ ಆಶ್ರಮದ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಸರ್ಕಾರದ ಹಣವಿಲ್ಲ, ನಮ್ಮದೇ ಹಣ. ನನ್ನ ದುಡ್ಡಿನಿಂದ ಕೊಲೆ ಬೇಡ ಎನ್ನುವ ಹಕ್ಕು ನನಗಿದೆ ಎಂದು ಈಗಲೂ ನಂಬುತ್ತೇನೆ. ಆದರೆ ನಾನು ಮಾಡಿದ್ದು ಅದಲ್ಲ. ಇಪ್ಪತ್ತೆರಡು ಜನರ ದುಡ್ಡಿಗೆ ನನ್ನ ವ್ರತವನ್ನು ಸದ್ದಿಲ್ಲದೆ ಅಂಟಿಸಿದೆ. ಬದಲಿಸಿದ್ದನ್ನು ಮಕ್ಕಳಿಗೆ ಹೇಳಲೂ ಇಲ್ಲ. ಅವರು ತಿರುಗಿ ಕೇಳುವ ಸ್ಥಿತಿಯಲ್ಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಅದು ಅಷ್ಟು ಸುಲಭವಾಯಿತು.

ಇಲ್ಲಿ ಜನ್ನನ ನೆನಪಾಗುತ್ತದೆ. 1209ರ ‘ಯಶೋಧರ ಚರಿತೆ’ಯಲ್ಲಿ ರಾಜ ನಿಜವಾದ ಪ್ರಾಣಿಯನ್ನು ಬಲಿ ಕೊಡುವುದಿಲ್ಲ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆದರೂ ಜನ್ಮಜನ್ಮಾಂತರ ಅದರ ಫಲ ಉಣ್ಣುತ್ತಾನೆ. ರಕ್ತ ಬರಲಿಲ್ಲ ಎಂಬುದು ಲೆಕ್ಕಕ್ಕೆ ಬರಲಿಲ್ಲ, ಸಂಕಲ್ಪ ಬಂತು. ಅಹಿಂಸೆಯನ್ನು ಇದಕ್ಕಿಂತ ಕಟುವಾಗಿ ಹೇಳಿದ ಕಾವ್ಯವನ್ನು ನಾನು ಓದಿಲ್ಲ. ಆದರೆ ಆ ತಕ್ಕಡಿಯಲ್ಲಿ ನನ್ನನ್ನೂ ಇಟ್ಟು ತೂಗಬೇಕಲ್ಲ. ತಟ್ಟೆಯಲ್ಲಿ ಪನೀರ್ ಇದ್ದು, ಮನಸ್ಸಿನಲ್ಲಿ ‘ಇವರಿಗೆ ಏನು ಬೇಕೆಂದು ನಾನು ನಿರ್ಧರಿಸುತ್ತೇನೆ’ ಎಂಬ ಸಂಕಲ್ಪವಿದ್ದರೆ, ನನ್ನ ಊಟ ಎಷ್ಟು ಅಹಿಂಸೆಯದು?

ಕೊನೆಗೆ ನನಗೆ ತಿಳಿದದ್ದು ಇಷ್ಟು. ಕೋಳಿಯ ಪರವಾಗಿ ವಾದ ಮಾಡಬೇಕು, ಬಿಡಬಾರದು. ಆದರೆ ವಾದವನ್ನು ತಿರುಗಿ ಮಾತಾಡಬಲ್ಲವರ ಜೊತೆ ಮಾಡಬೇಕು. ಸಹೋದ್ಯೋಗಿಗಳ ಜೊತೆ, ಸ್ನೇಹಿತರ ಜೊತೆ, ‘ಹಾಲು ಮಾತ್ರ ಹೇಗೆ ಕುಡೀತೀಯ ಅಪ್ಪ? ಗಂಡು ಕರುಗಳೆಲ್ಲ ಎಲ್ಲಿಗೆ ಹೋಗ್ತವೆ?’ ಎಂದು ಬಾಯಿ ಮುಚ್ಚಿಸುವ ನನ್ನ ಮಗಳ ಜೊತೆ. ತಟ್ಟೆ ಹಿಡಿದು ನಿಂತವನ ಜೊತೆ ಅಲ್ಲ. ಅಲ್ಲಿ ಅದು ವಾದವಾಗುವುದಿಲ್ಲ, ಷರತ್ತಾಗುತ್ತದೆ.

ಕಳೆದ ವರ್ಷ ಪಟ್ಟಿ ಬಂದಾಗ ಕೊನೆಯ ಸಾಲು ಖಾಲಿ ಇತ್ತು. ‘ಊಟ: ನಿಮ್ಮಿಷ್ಟ’ ಎಂದಷ್ಟೇ ಬರೆದಿದ್ದರು. ಹಿಂದಿನ ವರ್ಷದಿಂದ ಅವರು ಪಾಠ ಕಲಿತಿದ್ದರು. ಅದನ್ನು ಓದಿದಾಗ ನಾಚಿಕೆಯಾಯಿತು. ಮೇಲ್ವಿಚಾರಕರಿಗೆ ಫೋನ್ ಮಾಡಿ ಮಕ್ಕಳನ್ನು ಕೇಳಿ ಹೇಳಿ ಎಂದೆ. ಮಾರನೆಯ ದಿನ ಉತ್ತರ ಬಂತು, ಬಿರಿಯಾನಿಯೇ. ಆರು ಮಕ್ಕಳಿಗೆ ವೆಜ್, ಉಳಿದವರಿಗೆ ಚಿಕನ್.

ತಂಡದವರಿಗೆ ಬಾಯಿಬಿಟ್ಟು ಹೇಳಿದೆ. “ನನ್ನ ಪಾಲಿನ ಹಣ ಪುಸ್ತಕಕ್ಕೆ, ಫ್ಯಾನಿಗೆ ಹಾಕಿಕೊಳ್ಳಿ. ಊಟ ಬೇರೆಯವರು ನೋಡಿಕೊಳ್ಳಲಿ.” ಮದ್ದೂರಿನ ಹುಡುಗ ಒಪ್ಪಿಕೊಂಡ. ಇದರಲ್ಲೂ ಒಂದು ಆತ್ಮವಂಚನೆ ಇದೆ, ಗೊತ್ತು. ನನ್ನ ಹಣ ಫ್ಯಾನಿಗೆ ಹೋದರೆ ಬೇರೊಬ್ಬರ ಹಣ ಕೋಳಿಗೆ ಬಿಡುವಾಗುತ್ತದೆ. ನೋಟಿನ ಮೇಲೆ ಹಸಿರು ಚುಕ್ಕಿ ಇರುವುದಿಲ್ಲ. ಆದರೂ ಈ ಸಲ ನನ್ನ ‘ಆಗುವುದಿಲ್ಲ’ ಎಲ್ಲರಿಗೂ ಕೇಳಿಸುವಂತಿತ್ತು, ಅದರ ತೊಂದರೆ ನನಗಷ್ಟೇ ಆಯಿತು.

ಆ ದಿನ ನಾನು ಆ ಆರು ಮಕ್ಕಳ ಊಟವನ್ನೇ ಹಾಕಿಸಿಕೊಂಡೆ. ಬೇರೆ ಕಡೆ ಹೋಗಿ ಕೂರಬೇಕೆಂದು ಕಾಲು ಎಳೆಯಿತು. ಕೂರಲಿಲ್ಲ. ಎಲ್ಲರ ಸಾಲಿನಲ್ಲೇ, ಹಿಂದಿನ ವರ್ಷ ಪಾತ್ರೆಯೊಳಗೆ ಇಣುಕಿದ್ದ ಹುಡುಗನ ಪಕ್ಕ ಕೂತೆ. ಅವನು ನನ್ನ ತಟ್ಟೆ ನೋಡಿ, ನೀವು ಯಾಕೆ ತಿನ್ನುವುದಿಲ್ಲ ಎಂದು ಕೇಳಿದ. ಕೋಳಿಯನ್ನು ಕಂಡರೆ ಪಾಪ ಅನ್ನಿಸುತ್ತದೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿದ. “ನನಗೂ ಅನ್ನಿಸುತ್ತೆ, ಆದರೆ ಚೆನ್ನಾಗಿರುತ್ತಲ್ಲ” ಅಂದು ಮುಂದಿನ ತುತ್ತು ಇಟ್ಟುಕೊಂಡ. ಅವನ ಜೊತೆ ನನ್ನ ಮೊದಲ ವಾದ ಅಲ್ಲಿಗೆ ಶುರುವಾಯಿತು ಎಂದುಕೊಂಡಿದ್ದೇನೆ.