ಸ್ಥಿರತೆಯ ಪರೀಕ್ಷೆ

ಹುಬ್ಬಳ್ಳಿ-ಧಾರವಾಡದ ಸಭೆಗಳಲ್ಲಿ ಸಮಾಜದ ಸ್ಥಿರತೆಯ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಏನನ್ನೂ ಕದಲಿಸಬೇಡಿ, ಪ್ರಶ್ನೆ ಎತ್ತಬೇಡಿ ಎಂಬುದೇ ಅದರ ತಾತ್ಪರ್ಯ. ಅಲುಗಾಡದೆ ಇರುವುದನ್ನೇ ಸ್ಥಿರತೆ ಎನ್ನುವ ಈ ತಿಳಿವಳಿಕೆ ಬುಡದಲ್ಲೇ ತಪ್ಪು. ಕದಡಿದ ಮೇಲೆ ಏನಾಗುತ್ತದೆ ಎಂಬುದರಿಂದಲೇ ಸ್ಥಿರತೆ ಗೊತ್ತಾಗುವುದು.

ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಕಪ್ಪುಕುಳಿಯನ್ನು ಹೀಗೆಯೇ ಪರೀಕ್ಷಿಸಿದರು. ಕಪ್ಪುಕುಳಿ ಎಂಬುದು ದೇಶ-ಕಾಲದ ಜ್ಯಾಮಿತಿ ತಾಳಬಹುದಾದ ಒಂದು ಆಕಾರ. ಗುರುತ್ವದ ಸಮೀಕರಣಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಅಂಥದ್ದು ಜಗತ್ತಿನಲ್ಲಿ ಬಾಳುತ್ತದೆಂಬ ಖಾತ್ರಿಯಿಲ್ಲ. ಸಣ್ಣ ಕ್ಷೋಭೆಯೊಂದು ಬೆಳೆಯುತ್ತ ಹೋದರೆ ಆಕಾರವೇ ಅಳಿಯುತ್ತದೆ. 1957ರಲ್ಲಿ ಭೌತವಿಜ್ಞಾನಿಗಳಾದ ರೆಜ್ಜೆ ಮತ್ತು ವೀಲರ್ ಹಿಡಿದ ಈ ಪ್ರಶ್ನೆಯನ್ನು ವಿಶ್ವೇಶ್ವರ 1970ರಲ್ಲಿ ಮುಂದೊಯ್ದು, ತಿರುಗದ ಕಪ್ಪುಕುಳಿಯಲ್ಲಿ ಕ್ಷೋಭೆ ಬೆಳೆಯದೆಂದು ತೋರಿಸಿದರು. ಗುರುತ್ವದ ಅಲೆ ಬಡಿದಾಗ ಅದು ಮಿಡಿಯುತ್ತದೆ, ಮಿಡಿತ ಬೇಗನೆ ಕ್ಷೀಣಿಸುತ್ತದೆ; ಆ ಮಿಡಿತದ ಶ್ರುತಿಯನ್ನು ಗೊತ್ತುಮಾಡುವುದು ಕಪ್ಪುಕುಳಿಯ ದ್ರವ್ಯರಾಶಿ. ಎರಡು ಕಪ್ಪುಕುಳಿಗಳು ಕೂಡಿಕೊಂಡ ಸಂಕೇತವನ್ನು ಗುರುತ್ವದ ಅಲೆಗಳ ವೀಕ್ಷಣಾಲಯ ಲೈಗೊ 2015ರ ಸೆಪ್ಟೆಂಬರ್ 14ರಂದು ಹಿಡಿದಾಗ ಅದರ ಕೊನೆಗೆ ಇಂಥ ಮಿಡಿತವೇ ಇತ್ತು.

ನೀರಿನ ಉದಾಹರಣೆ ನನಗೆ ಇನ್ನೂ ಮುಖ್ಯ. 1883ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆ ಬಿಟ್ಟು ನೋಡಿದರು. ನೀರಿನ ವೇಗ, ಅಂಟುತನ, ಕೊಳವೆಯ ಅಗಲ ಇವುಗಳಿಂದ ಲೆಕ್ಕಹಾಕುವ ರೆನಾಲ್ಡ್ಸ್ ಸಂಖ್ಯೆ ಸುಮಾರು 2000ಕ್ಕಿಂತ ಕಡಿಮೆಯಿದ್ದರೆ, ಕದಡಿದರೂ ಹರಿವು ಮತ್ತೆ ನೆಟ್ಟಗಾಗುತ್ತದೆ. ಕೊಳವೆಯ ಬಾಯಿ ನುಣುಪಾಗಿದ್ದು, ತೊಟ್ಟಿಯ ನೀರು ಅಲುಗದಿದ್ದರೆ, ಆ ಸಂಖ್ಯೆ 10000 ದಾಟಿದರೂ ಎಳೆ ನೆಟ್ಟಗೇ ಸಾಗೀತು. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದು ಕ್ಷೋಭೆಯನ್ನು ಅರಗಿಸಿಕೊಂಡಿತು; ಎರಡನೆಯದು ಯಾರೂ ಮುಟ್ಟಲಿಲ್ಲವೆಂದು ಶಾಂತವಾಗಿದೆ. ವೇಗ ಏರಿದಷ್ಟೂ ಅದನ್ನು ಕೆಡಿಸಲು ಸಾಲುವ ಕ್ಷೋಭೆ ಕಿರಿದಾಗುತ್ತದೆ. ನಮ್ಮ ವೇದಿಕೆಗಳು ಕೊಂಡಾಡುತ್ತಿರುವುದು ಈ ಎರಡನೆಯ ಶಾಂತಿಯನ್ನು.

ಮುಟ್ಟದೆ ಉಳಿಸುವ ಈ ಶಾಂತಿಯ ಹಿರಿಯ ವಕ್ತಾರ ಪ್ಲೇಟೊ. ಹಾಡುವ ರೀತಿ ಬದಲಾದರೆ ರಾಜ್ಯದ ಕಟ್ಟಳೆಗಳೇ ಅಲುಗಿಯಾವು ಎಂದು ‘ರಿಪಬ್ಲಿಕ್’ನಲ್ಲಿ ಅಂಜುತ್ತಾನೆ. ಧಾರವಾಡದಲ್ಲಿ ಕೂತು ಈ ಅಂಜಿಕೆಯನ್ನು ಒಪ್ಪುವುದು ನನ್ನಿಂದಾಗದು. ಇಲ್ಲಿನ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತವರು. ಆಮೇಲೆ ಮಂಜೀಖಾನ್, ಭುರ್ಜೀಖಾನರಿಂದ ಜೈಪುರ-ಅತ್ರೌಲಿ ಘರಾಣೆಯ ವಿದ್ಯೆ ಪಡೆದರು, ವಚನಗಳನ್ನೂ ಹಾಡಿದರು. ಇದರಿಂದ ಊರಿನ ಸಂಗೀತ ಕುಸಿಯಲಿಲ್ಲ, ಬೇರು ಇನ್ನಷ್ಟು ಆಳಕ್ಕಿಳಿಯಿತು.

ಇನ್ನು ಮುಂದೆ ಯಾರಾದರೂ ಸ್ಥಿರತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಲು ಬಂದರೆ, ಆ ಸ್ಥಿರತೆ ಈವರೆಗೆ ಎಂಥ ಕ್ಷೋಭೆಯನ್ನು ತಾಳಿಕೊಂಡಿದೆ ಎಂದು ಕೇಳಿ. ಉತ್ತರ ಬರುವತನಕ ಒಪ್ಪಬೇಡಿ.